ಎರಡೂವರೆ ವರ್ಷದ ವಾಫಲ್ ಮೇಕರ್: ಹಸಿರು ದೀಪ ನಂಬಬೇಡಿ

ನಿಮ್ಮ ಮನೆಯಲ್ಲಿ ವಾಫಲ್ ಮೇಕರ್ (ಹಿಟ್ಟನ್ನು ಎರಡು ಬಿಸಿ ಪ್ಲೇಟುಗಳ ನಡುವೆ ಹಾಕಿ ಗುಂಡಿಗುಂಡಿಯ ವಾಫಲ್ ಬೇಯಿಸುವ ಕರೆಂಟಿನ ಯಂತ್ರ) ಇದ್ದರೆ ದಯವಿಟ್ಟು ಹಸಿರು ದೀಪ ನೋಡಿ ಮುಚ್ಚಳ ತೆಗೆಯಬೇಡಿ. ಈ ಎರಡೂವರೆ ವರ್ಷದಲ್ಲಿ ನನ್ನನ್ನು ಅತಿ ಜಾಸ್ತಿ ಗೋಳಾಡಿಸಿದ್ದು ಅದೇ ದೀಪ.

ಅದು ಹಸಿರಾದರೆ ಪ್ಲೇಟು ಕಾದಿದೆ ಅಂತಷ್ಟೇ ಅರ್ಥ. ಒಳಗಿನ ಹಿಟ್ಟು ಬೆಂದಿದೆ ಅಂತಲ್ಲ. ಮೈದಾ ಹಾಕಿದಾಗ ಈ ವ್ಯತ್ಯಾಸ ಗೊತ್ತಾಗಲ್ಲ. ರಾಗಿ ಹಾಕಿ ನೋಡಿ. ನಾಲ್ಕನೇ ನಿಮಿಷಕ್ಕೆ ದೀಪ ಬಂತು ಅಂತ ಮುಚ್ಚಳ ಎತ್ತಿದರೆ ವಾಫಲ್ ನಡುವೆ ಸೀಳಿಕೊಂಡು ಅರ್ಧ ಮೇಲೆ, ಅರ್ಧ ಕೆಳಗೆ ಅಂಟಿರುತ್ತದೆ. ನನ್ನ ಮೇಕರ್‌ನಲ್ಲಿ ಪ್ಲೇಟು ಬಿಚ್ಚಲು ಬರುವುದಿಲ್ಲ, ನಲ್ಲಿ ಕೆಳಗೆ ಹಿಡಿಯುವಂತಿಲ್ಲ. ಒಂದೊಂದು ಗುಂಡಿಯಿಂದಲೂ ಒದ್ದೆ ಬಟ್ಟೆ ಸುತ್ತಿದ ಮರದ ಕಡ್ಡಿಯಲ್ಲಿ ಕೆದಕಿ ತೆಗೆಯಬೇಕು. ಸ್ಕೂಲ್ ವ್ಯಾನ್ ಬರುವ ಹೊತ್ತಿನಲ್ಲಿ ಇದು ಯಾರಿಗೆ ಬೇಕು, ಹೇಳಿ?

ನೋಡಬೇಕಾದ್ದು ಹಬೆಯನ್ನು. ಶುರುವಿನಲ್ಲಿ ಅಂಚಿನಿಂದ ದಪ್ಪಗೆ ಹೊಗೆಯ ಹಾಗೆ ಬರುತ್ತದೆ. ಆರೇಳು ನಿಮಿಷಕ್ಕೆ ಎಳೆಎಳೆಯಾಗಿ, ಆಮೇಲೆ ಇಲ್ಲವೇ ಇಲ್ಲ ಅನ್ನುವಷ್ಟಾಗುತ್ತದೆ. ಆಗ ಮುಚ್ಚಳವನ್ನು ಮೆತ್ತಗೆ ಎತ್ತಿ ನೋಡಿ. ತಾನಾಗಿ ಬಿಟ್ಟುಕೊಂಡರೆ ಬೆಂದಿದೆ. ಎಳೆದ ಹಾಗಾದರೆ ಇನ್ನೊಂದು ನಿಮಿಷ ಬಿಡಿ. ಇದನ್ನು ಕಂಡುಕೊಳ್ಳಲು ನನಗೆ ಮೂರು ತಿಂಗಳು ಬೇಕಾಯಿತು. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಮಗಳ ಐದನೇ ಹುಟ್ಟುಹಬ್ಬಕ್ಕೆ 2,200 ರೂಪಾಯಿ ಕೊಟ್ಟು ತಂದದ್ದು. ಜೊತೆಗೆ ಮಲ್ಟಿಗ್ರೇನ್ ಅಂತ ದೊಡ್ಡದಾಗಿ ಬರೆದ ವಾಫಲ್ ಮಿಕ್ಸ್ ಒಂದು ಪ್ಯಾಕೆಟ್ ಕೊಂಡಿದ್ದೆ. ಹಿಂದೆ ತಿರುಗಿಸಿ ಓದಿದ್ದು ಮಾತ್ರ ಅದು ಮುಗಿದ ಮೇಲೆ. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ. ರಾಗಿ, ಓಟ್ಸ್ ಎಲ್ಲ ಕೊನೆಯಲ್ಲಿ, ಚಿಟಿಕೆಯಷ್ಟು. ಪ್ಯಾಕೆಟ್ ಮೇಲೆ ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಮ್ಮ ದೇಶದ ನಿಯಮ. ಹಾಗಾಗಿ ಮುಂದಿನ ಚಿತ್ರ ಬಿಟ್ಟು ಹಿಂದಿನ ಮೊದಲ ಮೂರು ಹೆಸರು ಓದಿದರೆ ಸಾಕು. ಮಗುವಿಗೆ ಒಳ್ಳೆಯದು ಅಂತ ನಂಬಿ ತಿನ್ನಿಸಿದ್ದೆನಲ್ಲ, ಆ ಬೇಜಾರು ಇನ್ನೂ ಇದೆ.

ಮೇಲೆ ಸುರಿಯುವ ಸಿಹಿಯ ಲೆಕ್ಕ ಬೇರೆ. ವಾಫಲ್‌ನ ಗುಂಡಿಗಳಿರುವುದೇ ಅದನ್ನು ಹಿಡಿದಿಟ್ಟುಕೊಳ್ಳಲು. ಪ್ಯಾನ್‌ಕೇಕ್ ಮೇಲೆ ಹಾಕಿದ್ದು ತಟ್ಟೆಗೆ ಜಾರುತ್ತದೆ, ವಾಫಲ್ ಮೇಲೆ ಹಾಕಿದ್ದು ಪೂರ್ತಿ ಹೊಟ್ಟೆಗೆ ಹೋಗುತ್ತದೆ. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ. ದೊಡ್ಡವರಿಗೂ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಎರಡು ಚಮಚ ಹಾಕಿದರೆ ಬೆಳಗಿನ ತಿಂಡಿಯಲ್ಲೇ ದಿನದ ಲೆಕ್ಕ ಮುಗಿದು ಹೋಯಿತು. ಬೆಲ್ಲದ ಪಾಕ ಮಾಡಿದರೆ ಆಯ್ತಲ್ಲ ಅನ್ನುತ್ತಾರೆ. ಬೆಲ್ಲವೂ ಬಹುಪಾಲು ಸಕ್ಕರೆಯೇ.

ಆ ಪ್ಯಾಕೆಟ್ ಆದಮೇಲೆ ಮೇಕರ್ ಅಟ್ಟ ಸೇರಿತ್ತು. ಅದನ್ನು ಇಳಿಸಿದ್ದು ನಮ್ಮ ಅತ್ತೆ. ಒಂದು ಸೋಮವಾರ ದೋಸೆ ಹಿಟ್ಟು ಉಳಿದು ಹುಳಿ ಬಂದಿತ್ತು. "ಪಡ್ಡು ಮಣೆ ತೊಳೆಯೋದು ಯಾಕಮ್ಮ, ಇದರಲ್ಲೇ ಹುಯ್ದು ನೋಡೋಣ" ಅಂದರು. ಈರುಳ್ಳಿ, ಕರಿಬೇವು, ಒಂದು ಕ್ಯಾರೆಟ್ ತುರಿದು ಹಾಕಿ ಹುಯ್ದೆವು. ಹೊರಗೆ ಪಡ್ಡಿಗಿಂತ ಗರಿಗರಿ, ಒಳಗೆ ಮೆತ್ತಗೆ. ಆ ಗುಂಡಿಗಳಿಗೆ ಕಾಯಿ ಚಟ್ನಿ ತುಂಬಿಕೊಂಡು ಮಗಳು ಮೂರು ತುಂಡು ತಿಂದಳು. ಆವತ್ತಿನಿಂದ ನನಗೂ ಈ ಮೇಕರ್ ಮೇಲೆ ಪ್ರೀತಿ ಬಂತು.

ಈಗ ಮಂಗಳವಾರ, ಶುಕ್ರವಾರ ಹೆಸರುಬೇಳೆ ವಾಫಲ್. ಬೆಳಿಗ್ಗೆ ಎದ್ದ ಕೂಡಲೇ ಒಂದು ಲೋಟ ಬೇಳೆ ಬಿಸಿನೀರಲ್ಲಿ ನೆನೆಹಾಕುತ್ತೇನೆ. ಕಾಫಿ, ಸ್ನಾನ, ಪೂಜೆ ಮುಗಿಯುವ ಹೊತ್ತಿಗೆ ರುಬ್ಬಲು ಬರುತ್ತದೆ. ಶುಂಠಿ, ಹಸಿಮೆಣಸು, ಜೀರಿಗೆ ಜೊತೆ ಗಟ್ಟಿಯಾಗಿ ರುಬ್ಬಿ, ಒಂದು ಹಿಡಿ ಮೆಂತ್ಯ ಸೊಪ್ಪು ಕೊಚ್ಚಿ ಸೇರಿಸಬೇಕು. ನೀರು ಜಾಸ್ತಿಯಾದರೆ ಗರಿಯಾಗಲ್ಲ. 100 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ, ಮೈದಾದಲ್ಲಿ ಇದರ ಅರ್ಧವೂ ಇಲ್ಲ. ಮೆಂತ್ಯ ಸೊಪ್ಪಿನ ಪಲ್ಯ ಕಂಡರೆ ಮುಖ ತಿರುಗಿಸುವ ನನ್ನ ಮಗಳು ಇದನ್ನು ಕೇಳಿ ಹಾಕಿಸಿಕೊಳ್ಳುತ್ತಾಳೆ.

ಭಾನುವಾರ ಸಿಹಿ. ಒಂದು ಕಪ್ ರಾಗಿ ಹಿಟ್ಟು, ಅರ್ಧ ಕಪ್ ಗೋಧಿ ಹಿಟ್ಟು, ಎರಡು ಮೊಟ್ಟೆ, ಚೆನ್ನಾಗಿ ಹಣ್ಣಾದ ಏಲಕ್ಕಿ ಬಾಳೆ ಮೂರು, ಹುಳಿ ಮಜ್ಜಿಗೆ, ಚಿಟಿಕೆ ಅಡುಗೆ ಸೋಡಾ. ಸಕ್ಕರೆ ಇಲ್ಲವೇ ಇಲ್ಲ. ರಾಗಿಗೆ ಗೋಧಿಯ ಜಿಗುಟಿಲ್ಲ, ಅದಕ್ಕೇ ಬರೀ ರಾಗಿ ಹಾಕಿದರೆ ಪುಡಿಪುಡಿಯಾಗುತ್ತದೆ. ಮೊಟ್ಟೆ ತಿನ್ನದವರು ಎರಡು ಸೌಟು ಉದ್ದಿನ ಹಿಟ್ಟು ಸೇರಿಸಿ, ಚೆನ್ನಾಗಿ ಹಿಡಿದುಕೊಳ್ಳುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ಹಿಟ್ಟಾದರೆ ಅದು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಮಾವನವರಿಗೆ ಶುಗರ್ ಇದೆ. ರಾಗಿ ಅಲ್ವಾ, ಎಷ್ಟು ತಿಂದರೂ ಆಗುತ್ತೆ ಅಂತ ಅವರೂ ನಾವೂ ಅಂದುಕೊಂಡಿದ್ದೆವು. ಬಾಳೆಹಣ್ಣಿನ ರಾಗಿ ವಾಫಲ್ ಎರಡು ತಿಂದು ಎರಡು ಗಂಟೆ ಬಿಟ್ಟು ಮನೆಯಲ್ಲೇ ಚೆಕ್ ಮಾಡಿದಾಗ ಚೆನ್ನಾಗಿಯೇ ಏರಿತ್ತು. ನುಣ್ಣಗೆ ಬೀಸಿದ ಹಿಟ್ಟು ಯಾವುದಾದರೂ ಬೇಗ ಜೀರ್ಣವಾಗುತ್ತದೆ, ಮೇಲೆ ಹಣ್ಣಿನ ಸಿಹಿ ಬೇರೆ. ಈಗ ಅವರಿಗೆ ಭಾನುವಾರವೂ ಹೆಸರುಬೇಳೆಯದೇ, ಜೊತೆಗೆ ಒಂದು ಬಟ್ಟಲು ಮೊಸರು.

ಬೆಂದದ್ದನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಇಡಬೇಡಿ. ಕೆಳಗೆ ನೀರು ಬಿಟ್ಟು ಮೆತ್ತಗಾಗುತ್ತದೆ. ನಾನು ಹಪ್ಪಳ ಸುಡುವ ಜಾಲರಿಯ ಮೇಲೆ ಹರಡುತ್ತೇನೆ.

ಎರಡು ವರ್ಷ ದಾಟಿದ ಮೇಲೆ ನಡುವಿನ ನಾಲ್ಕು ಗುಂಡಿಗಳಲ್ಲಿ ನಾನ್‌ಸ್ಟಿಕ್ ಕೋಟಿಂಗ್ ಮಂಕಾಗಿದೆ, ಒಂದು ಕಡೆ ಎದ್ದಿದೆ. ತಪ್ಪು ಸ್ವಲ್ಪ ನನ್ನದೂ ಇದೆ. ಎಣ್ಣೆ ಸ್ಪ್ರೇ ಬಳಸುತ್ತಿದ್ದೆ, ಅದು ಕಾದು ಕಾದು ಅಂಟಿನ ಪದರದ ಹಾಗೆ ಕೂತುಬಿಟ್ಟಿತು. ಈಗ ಅರ್ಧ ಚಮಚ ಎಣ್ಣೆಯನ್ನು ಬ್ರಷ್‌ನಲ್ಲಿ ಸವರುತ್ತೇನೆ. ಆದರೆ ಪ್ಲೇಟು ಬಿಚ್ಚಿ ತೊಳೆಯುವ ಹಾಗಿದ್ದಿದ್ದರೆ ಈ ಸ್ಥಿತಿ ಬರುತ್ತಿರಲಿಲ್ಲ. ರಿಪೇರಿ ಅಂಗಡಿಯಲ್ಲಿ ಕೇಳಿದೆ, ಪ್ಲೇಟು ಬೇರೆಯಾಗಿ ಸಿಗಲ್ಲ ಅಂದರು.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ವಾರಕ್ಕೊಮ್ಮೆಯೂ ಮಾಡುವುದಿಲ್ಲ ಅನ್ನುವವರು ಇದೇ ಹಿಟ್ಟನ್ನು ದೋಸೆ ಕಾವಲಿಯಲ್ಲಿ ದಪ್ಪಗೆ ಹುಯ್ದು ಪ್ಯಾನ್‌ಕೇಕ್ ಮಾಡಿಕೊಳ್ಳಿ, 2,200 ರೂಪಾಯಿ ಉಳಿಯುತ್ತದೆ. ಕೊಳ್ಳಲೇಬೇಕು ಅನ್ನುವವರು ಇನ್ನೊಂದು ಸಾವಿರ ಜಾಸ್ತಿಯಾದರೂ ಪ್ಲೇಟು ಬಿಚ್ಚುವ ಮಾದರಿಯನ್ನೇ ನೋಡಿ. ನಾನೂ ದೀಪಾವಳಿ ಆಫರ್‌ಗೆ ಕಾಯುತ್ತಿದ್ದೇನೆ. ಅಲ್ಲಿವರೆಗೆ ಕೋಟಿಂಗ್ ಎದ್ದಿರುವ ಆ ಭಾಗ ಬಿಟ್ಟು ಉಳಿದ ಮೂರು ಭಾಗಕ್ಕೆ ಮಾತ್ರ ಹಿಟ್ಟು ಹಾಕುತ್ತಿದ್ದೇನೆ.