ಹಿಂದೆ ಬರುವ ಕಾರು, ಮುಂದೆ ಕಾಯುವ ಕಾರು, ಜೊತೆಗೊಂದು ಸ್ಕೂಟರ್

ಮಂಗಳೂರಿನಿಂದ ಮರವಂತೆಗೆ ಸುಮಾರು 110 ಕಿಲೋಮೀಟರ್. ನಾವು ಐದು ಜನ ಈ ದೂರವನ್ನು ಮೂರು ಜನವರಿಗಳಲ್ಲಿ ಮೂರು ಸಲ ತುಳಿದಿದ್ದೇವೆ. ಸೈಕಲ್ ಅವೇ, ಜನ ಅವರೇ. ಪ್ರತಿ ಸಲ ಬದಲಾದದ್ದು ಸಪೋರ್ಟ್ ಗಾಡಿ, ಅಂದರೆ ನಮ್ಮ ನೀರು, ತಿಂಡಿ, ರಿಪೇರಿ ಸಾಮಾನು ಹೊತ್ತು ಜೊತೆಗೆ ಬರುವ ಗಾಡಿ. ಟಯರ್ ಯಾವುದು, ಗೇರು ಎಷ್ಟು ಅಂತ ಗಂಟೆಗಟ್ಟಲೆ ಚರ್ಚೆ ಮಾಡುವ ನಾವು, ಗಾಡಿ ಎಲ್ಲಿರಬೇಕು ಅಂತ ಮೊದಲ ವರ್ಷ ಒಂದು ನಿಮಿಷವೂ ಯೋಚಿಸಿರಲಿಲ್ಲ. ಹಿಂದೆ ಬಂದರಾಯಿತು ಅಂದುಕೊಂಡಿದ್ದೆವು.

ಕಾರು ಬಾವನದು, ಓಡಿಸಿದ್ದೂ ಬಾವನೇ. ಬೆಳಿಗ್ಗೆ ಐದಕ್ಕೆ ಕೂಳೂರು ಸೇತುವೆ ದಾಟಿದೆವು. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವಾಗ ಹತ್ತಿರಹತ್ತಿರ ಏಳಾಗುತ್ತದೆ. ಅಲ್ಲಿಯವರೆಗೆ ಹಿಂದಿನ ಕಾರಿಗಿಂತ ಒಳ್ಳೆಯದು ಬೇರೊಂದಿಲ್ಲ, ಇದನ್ನು ಈಗಲೂ ಒಪ್ಪುತ್ತೇನೆ. ಹೆಡ್‌ಲೈಟಿನ ಬೆಳಕಿಗೆ ನಮ್ಮ ಐದೂ ನೆರಳು ಉದ್ದವಾಗಿ ಮುಂದೆ ಓಡುತ್ತಿದ್ದವು. ರಸ್ತೆಯ ಗುಂಡಿ, ಲಾರಿಯಿಂದ ಚೆಲ್ಲಿದ ಜಲ್ಲಿ ಎಲ್ಲ ಚೆನ್ನಾಗಿ ಕಾಣುತ್ತಿತ್ತು. ಬೈಕಂಪಾಡಿಯಲ್ಲಿ ಲಾರಿಗಳ ಸಾಲಿತ್ತು. ಆದರೂ ಹೆದರಿಕೆ ಆಗಲಿಲ್ಲ.

ಬೆಳಕು ಹರಿದ ಮೇಲೆ ಶುರುವಾಯಿತು ತಾಪತ್ರಯ. ನಾಲ್ಕು ಪಥದ ಹೆದ್ದಾರಿಯಲ್ಲಿ 20ರ ವೇಗದಲ್ಲಿ ಹೋಗುವ ಕಾರು ಅಂದರೆ ಅದೊಂದು ಚಲಿಸುವ ಗೋಡೆ. ಹಿಂದಿನವರಿಗೆ ಕಾರು ಕಾಣುತ್ತದೆ, ಕಾರಿನ ಮುಂದೆ ಐದು ಸೈಕಲ್ ಇರುವುದು ಕಾಣುವುದಿಲ್ಲ. ಎಕ್ಸ್‌ಪ್ರೆಸ್ ಬಸ್ಸಿನವರು ಹಾರ್ನ್ ಒತ್ತಿ, ಬಾವನ ಬಲಕ್ಕೆ ಹೋಗಿ, ತಕ್ಷಣ ಎಡಕ್ಕೆ ಎಳೆಯುತ್ತಿದ್ದರು. ಮುಂದಿನ ಸ್ಟಾಪಿನಲ್ಲಿ ಜನ ಕಾಯುತ್ತಿರುತ್ತಾರಲ್ಲ. ಅಂದರೆ ನೇರ ನಮ್ಮ ಮೈಮೇಲೆ. ನಮ್ಮನ್ನು ಕಾಯಲು ಬಂದ ಕಾರೇ ನಮ್ಮನ್ನು ಮರೆ ಮಾಡಿತ್ತು.

ಪಡುಬಿದ್ರಿ ಹತ್ತಿರ ಕ್ಲಚ್ ಸುಟ್ಟ ವಾಸನೆ ಬಂತು. ಬಾವ ಇಳಿದು ಎಡಗಾಲು ಒದರಿ ಹೇಳಿದರು: “ನೀವು ತುಳಿದದ್ದಕ್ಕಿಂತ ಜಾಸ್ತಿ ನಾನು ತುಳಿದಿದ್ದೇನೆ ಮಾರಾಯ.” ನಗಾಡಿದೆವು. ಆದರೆ ಬಾವ ತಮಾಷೆ ಮಾಡಿದ್ದಲ್ಲ.

ಇನ್ನೊಂದು ದೋಷ ಹೇಳಲು ನಾಚಿಕೆ. ಕಾರು ಬೆನ್ನಿಗೇ ಇದ್ದರೆ ಕಾಲು ಬೇಗ ಸೋಲುತ್ತದೆ. ಕೋಟ ದಾಟುವಾಗ ಬಿಸಿಲು, ಎದುರುಗಾಳಿ ಎರಡೂ ಸೇರಿದವು. ಒಬ್ಬ ಸೈಕಲ್ ಒಳಗೆ ಹಾಕಿ ಎಸಿಯಲ್ಲಿ ಕೂತ. ಹತ್ತು ನಿಮಿಷದಲ್ಲಿ ಇನ್ನೊಬ್ಬ. ಮೂರನೆಯವನು ನಾನು. ಉಳಿದಿಬ್ಬರೇ ಮರವಂತೆ ತನಕ ತುಳಿದದ್ದು.

ಮಾರನೇ ವರ್ಷ ಬಾವ ಒಪ್ಪಲಿಲ್ಲ. ಬಾಡಿಗೆ ಕಾರು ಮಾಡಿದೆವು. ಸುಮಾರು 30 ಕಿಲೋಮೀಟರಿಗೊಂದು ಜಾಗದಲ್ಲಿ ಮುಂದೆ ಹೋಗಿ ಕಾಯಬೇಕು ಅಂತ ಮಾತಾಯಿತು: ಪಡುಬಿದ್ರಿ, ಉಡುಪಿ, ಕುಂದಾಪುರ. ರಸ್ತೆ ಮಟ್ಟಿಗೆ ಇದು ಎಷ್ಟೋ ಪಾಲು ಮೇಲು. ಒಂದೇ ಸಾಲಿನಲ್ಲಿ ಬಿಳಿಗೆರೆಯ ಆಚೆ ಹೋದರೆ ಬಸ್ಸಿನವರಿಗೆ ನಾವು ದೂರದಿಂದಲೇ ಕಾಣುತ್ತೇವೆ. ಮುಂದಿನ ಜಾಗದಲ್ಲಿ ಬನ್ಸ್ ಇದೆ, ಬೇಯಿಸಿದ ಮೊಟ್ಟೆ ಇದೆ, ಉಪ್ಪು ಹಾಕಿದ ಮಜ್ಜಿಗೆ ಇದೆ ಅನ್ನುವ ಆಸೆಗೆ ಪೆಡಲ್ ತಾನಾಗಿ ತಿರುಗುತ್ತದೆ. ಈ ಸಲ ಐದು ಜನವೂ ಕೊನೆ ಮುಟ್ಟಿದೆವು. ಕರಾವಳಿಯ ಸೆಕೆಗೆ ಒಬ್ಬನಿಗೆ ಐದು ಲೀಟರ್ ನೀರು ಬೇಕೇ ಬೇಕು. ಅಷ್ಟು ಹೊರಲು ಕಾರಿಲ್ಲದೆ ಆಗುವುದಿಲ್ಲ.

ಆದರೆ ಮೂಲ್ಕಿಯಲ್ಲಿ ಶಾಂಭವಿ ಸೇತುವೆ ಇಳಿದ ಕೂಡಲೇ ಒಬ್ಬನ ಹಿಂದಿನ ಚಕ್ರ ಪಂಕ್ಚರ್. ಪಂಪ್ ನಮ್ಮ ಹತ್ತಿರ, ಟ್ಯೂಬ್ ಕಾರಿನಲ್ಲಿ! ಕಾರು ಹೆಜಮಾಡಿ ಟೋಲ್ ದಾಟಿ ಪಡುಬಿದ್ರಿಯಲ್ಲಿ. ಫೋನ್ ರಿಂಗಾಗುತ್ತಲೇ ಇತ್ತು. ಡ್ರೈವರ್ ಸೀಟು ಹಿಂದಕ್ಕೆ ಮಾಡಿ ಮಲಗಿದ್ದರಂತೆ. ರಾತ್ರಿ ಮೂರಕ್ಕೆ ಎದ್ದು ಬಂದವರು, ಏನು ಹೇಳುವುದು? ನಲವತ್ತು ನಿಮಿಷ ರಸ್ತೆಬದಿಯಲ್ಲಿ ಕೂತೆವು. ಫಾಸ್ಟ್ಯಾಗ್‌ನಲ್ಲಿ ಹೋಗುವಾಗೊಮ್ಮೆ ಬರುವಾಗೊಮ್ಮೆ ದುಡ್ಡು ಕಟ್. ಟ್ಯೂಬ್ ಕಾರಿನಲ್ಲಿ ಇಟ್ಟದ್ದು ನಮ್ಮದೇ ಬುದ್ಧಿಗೇಡಿತನ ಅನ್ನಿ.

ಕುಂದಾಪುರದಲ್ಲಿ ಇನ್ನೊಂದು. ಶಾಸ್ತ್ರಿ ಸರ್ಕಲಿನಲ್ಲಿ ಸಿಗೋಣ ಅಂದಿದ್ದೆವು. ಅವರು ಕೆಳಗೆ ಸರ್ಕಲಿನಲ್ಲಿ ಕಾದರು. ನಾವು ಮಾತಾಡುತ್ತಾ ಫ್ಲೈಓವರ್ ಹತ್ತಿ ಮೇಲಿಂದಲೇ ಹೋಗಿಬಿಟ್ಟೆವು. ಮೇಲಿನವರಿಗೆ ಕೆಳಗಿನವರು ಕಾಣಲಿಲ್ಲ, ಕೆಳಗಿನವರಿಗೆ ಮೇಲಿನವರು ಕಾಣಲಿಲ್ಲ. ಊಟ ಕೆಳಗಿನವರ ಹತ್ತಿರ. ಈಗ ಜಾಗ ಹೇಳುವಾಗ ಊರಿನ ಹೆಸರು ಹೇಳುವುದಿಲ್ಲ. ಫ್ಲೈಓವರ್ ಇಳಿದ ಮೇಲಿನ ಮೊದಲ ಪೆಟ್ರೋಲ್ ಬಂಕ್ ಅಂತ ಹೇಳುತ್ತೇವೆ.

ಮೂರನೇ ವರ್ಷ ದಾರಿಯನ್ನೇ ಬದಲಿಸಿದೆವು. ಕಾಪುವಿನಲ್ಲಿ ಹೆದ್ದಾರಿ ಬಿಟ್ಟು, ದೀಪಸ್ತಂಭ ನೋಡಿ, ಮಟ್ಟು, ಪಡುಕೆರೆ, ಮಲ್ಪೆ, ಹೂಡೆ, ಕೋಡಿ ಬೆಂಗ್ರೆ. ಪಡುಕೆರೆಯಲ್ಲಿ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ಕಿರಿದಾದ ರಸ್ತೆ. ಅಲ್ಲಿ ಕಾರು ಹಿಂದೆ ಬಂದರೂ ಕಷ್ಟ, ಎದುರು ಬಂದರೂ ಕಷ್ಟ. ಅದಕ್ಕೆ ಗೆಳೆಯನ ತಮ್ಮ ಸ್ಕೂಟರ್ ತಂದ. ಡಿಕ್ಕಿಯಲ್ಲಿ ಎರಡು ಟ್ಯೂಬ್, ಪಂಪ್, ಅಲೆನ್ ಕೀ. ಕಾಲಿಡುವಲ್ಲಿ ನೀರಿನ ಬಾಟಲಿಗಳು. ಹುಕ್ಕಿನಲ್ಲಿ ಬಾಳೆಹಣ್ಣಿನ ಚಿಪ್ಪು.

ಇಷ್ಟೇ ಸಾಮಾನು, ಆದರೆ ಅವನು ಮಾಡಿದ ಕೆಲಸ ಎರಡು ಕಾರು ಸೇರಿದರೂ ಆಗದು. ಹಿಂದುಳಿದವನ ಹತ್ತಿರ ಎರಡು ನಿಮಿಷದಲ್ಲಿ ಹೋಗುತ್ತಾನೆ, ಬಾಟಲಿ ಕೊಟ್ಟು ಮತ್ತೆ ಮುಂದೆ ಬರುತ್ತಾನೆ. ಮಟ್ಟುವಿನಲ್ಲಿ ಎಲ್ಲಿ ತಿರುಗಬೇಕು ಅಂತ ನಮಗೆ ಗೊಂದಲವಾಗುವ ಮೊದಲೇ ಅವನು ಕವಲಿನಲ್ಲಿ ಸ್ಟ್ಯಾಂಡ್ ಹಾಕಿ ನಿಂತಿದ್ದ. ಒಂದು ತೆಂಗಿನ ತೋಟದ ಪಕ್ಕ ಬೊಂಡ ಕೆತ್ತಿಸಿ ಇಟ್ಟಿದ್ದ. (ಘಟ್ಟದ ಮೇಲಿನವರಿಗೆ: ಬೊಂಡ ಅಂದರೆ ಎಳನೀರು, ಕರಿದದ್ದಲ್ಲ.)

ಕೋಡಿ ಬೆಂಗ್ರೆಯಲ್ಲಿ ನೆಲ ಮುಗಿಯುತ್ತದೆ. ಸೀತಾ, ಸುವರ್ಣಾ ಹೊಳೆಗಳು ಸಮುದ್ರ ಸೇರುವ ಜಾಗ ಅದು, ಆಚೆ ದಡ ಹಂಗಾರಕಟ್ಟೆ. “ಹ್ವಾಯ್, ಸೈಕಲ್ ಮೊದ್ಲ್ ಹತ್ಸಿ” ಅಂದರು ಬೋಟಿನವರು. ಐದು ಸೈಕಲ್ಲೂ ಸ್ಕೂಟರೂ ಹಿಡಿಸಿದವು. ಕಾರು ಬಂದಿದ್ದರೆ ಸಂತೆಕಟ್ಟೆಗೆ ವಾಪಸ್ ಹೋಗಿ, ಬ್ರಹ್ಮಾವರ, ಸಾಸ್ತಾನ ಸುತ್ತಿ ಬರಬೇಕಿತ್ತು.

ಸ್ಕೂಟರಿನ ಕೊರತೆ ಒಂದೇ, ಆದರೆ ದೊಡ್ಡದು. ಸೈಕಲ್ ಮುರಿದರೆ ಅಥವಾ ಯಾರಿಗಾದರೂ ತಲೆ ಸುತ್ತಿದರೆ ಮನುಷ್ಯನನ್ನು ಸಾಗಿಸಬಹುದು, ಸೈಕಲನ್ನಲ್ಲ. ಅದಕ್ಕೇ ಅವತ್ತು ಬಾವನ ಕಾರೂ ಇತ್ತು, ಆದರೆ ಎರಡೇ ಕಡೆ: ಮಲ್ಪೆಯಲ್ಲಿ ತಿಂಡಿಗೆ, ಸಾಸ್ತಾನದಲ್ಲಿ ಊಟಕ್ಕೆ. ನಡುವೆ ಬಾವ ಉಡುಪಿ ಮಠಕ್ಕೂ ಹೋಗಿ ಬಂದರು.

ಸಮಯ ನೋಡುವವರಿಗೆ ಒಳದಾರಿ ಹೇಳಿದ್ದಲ್ಲ. ಎರಡನೇ ವರ್ಷ ಆ ಪಂಕ್ಚರ್ ಸೇರಿಸಿಯೂ ಹನ್ನೆರಡೂವರೆಗೆ ಮರವಂತೆಯಲ್ಲಿದ್ದೆವು. ಮೂರನೇ ವರ್ಷ ಮೂರೂವರೆ. ಬೋಟ್, ಬೊಂಡ, ಫೋಟೋ ಅಂತ ಹೊತ್ತು ಹೋದದ್ದು ಒಂದು ಪಾಲು. ಉಳಿದದ್ದು ಗಾಳಿ. ಬೆಳಿಗ್ಗೆ ನೆಲದಿಂದ ಬೀಸುವ ಗಾಳಿ ನಮಗೆ ಅಡ್ಡಿಯಿಲ್ಲ. ಮಧ್ಯಾಹ್ನ ಅದು ತಿರುಗಿ ವಾಯವ್ಯದಿಂದ ಬರುತ್ತದೆ, ಉತ್ತರಕ್ಕೆ ಹೋಗುವವರ ಮುಖಕ್ಕೇ.

ಈಗ ನನ್ನನ್ನು ಕೇಳಿದರೆ: ಕತ್ತಲಿರುವಷ್ಟು ಹೊತ್ತು ಕಾರು ಹಿಂದೆ, ಬೆಳಕಾದ ಮೇಲೆ ಕಾರು ಮುಂದೆ, ಸ್ಕೂಟರ್ ಇಡೀ ದಿನ ಜೊತೆಗೆ. ಗಾಡಿ ಒಂದೇ ಸಿಗುವುದಾದರೆ, ಒಳದಾರಿಗೆ ಸ್ಕೂಟರ್, ಹೆದ್ದಾರಿಗೆ ಮುಂದೆ ಕಾಯುವ ಕಾರು. ಟ್ಯೂಬ್ ಮಾತ್ರ ನಿಮ್ಮ ಸೈಕಲಿನಲ್ಲೇ ಇರಲಿ.

ಮುಂದಿನ ಜನವರಿಗೆ ಮರವಂತೆಯಿಂದ ಮಂಗಳೂರಿಗೆ ಬರುವ ಅಂದಾಜಿದೆ, ಗಾಳಿ ಬೆನ್ನಿಗೆ ಸಿಗಲಿ ಅಂತ. ಬಾವನಿಗೆ ಫೋನ್ ಮಾಡಿದೆ. “ಬರ್ತೇನೆ. ಬೆಳಕಾಗುವವರೆಗೆ ಹಿಂದೆ, ಆಮೇಲೆ ನನ್ನನ್ನು ಹುಡುಕಬೇಡಿ” ಅಂದರು.