ಬಟ್ಟೆ ಚೀಲ ಅಂತ ಕೊಟ್ಟ, ಕಡ್ಡಿ ಗೀರಿದರೆ ಕರಗಿತು

ಪಾರ್ಸಲ್ ಕೊಡುವ ಖಾನಾವಳಿ, ಗಿರಮಿಟ್ ಗಾಡಿ, ಬಿರಿಯಾನಿ ಅಂಗಡಿಯವರು ಇದನ್ನು ಓದಿ. ಬಟ್ಟೆ ಚೀಲ ಅಂತ ನಂಬಿ ಪ್ಲಾಸ್ಟಿಕ್ ಚೀಲ ಕೊಂಡು ನನಗೆ 5,000 ರೂಪಾಯಿ ದಂಡ ಬಿತ್ತು, 14 ಕಿಲೋ ಚೀಲ ಹೋಯಿತು, ಒಬ್ಬ ಹಳೇ ಗಿರಾಕಿಯೂ ಹೋದರು.

ವಿಜಯಪುರದಲ್ಲಿ ನಾನು, ನಮ್ಮ ಅತ್ತೆ ಸೇರಿ ಸಣ್ಣ ಖಾನಾವಳಿ ನಡೆಸುತ್ತೇವೆ. ಕೂತು ಉಣ್ಣುವವರಿಗಿಂತ ಕಟ್ಟಿಸಿಕೊಂಡು ಹೋಗುವವರೇ ಜಾಸ್ತಿ. ರೊಟ್ಟಿ, ಶೇಂಗಾ ಹಿಂಡಿ, ಜುಣಕದ ವಡಿ ಕಟ್ಟೋದು ಸುಲಭ. ತಲೆನೋವು ಬೇಳೆ ಸಾರಿನದು, ಎಣ್ಣೆಗಾಯಿಯ ಎಣ್ಣೆಯದು. ಮೊದಲೆಲ್ಲ ತೆಳು ಪ್ಲಾಸ್ಟಿಕ್ ಕವರಿಗೆ ಸುರಿದು ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅಕ್ಕಪಕ್ಕದ ಅಂಗಡಿಗಳಲ್ಲಿ ಪ್ಲಾಸ್ಟಿಕ್ ತಪಾಸಣೆ ಶುರುವಾಯಿತು, ನಮಗೂ ಹೆದರಿಕೆ ಹತ್ತಿತು.

ಆಗ ಬಂದ ಒಬ್ಬ ಹುಡುಗ, ಸ್ಕೂಟರ್ ಮೇಲೆ ಎರಡು ಗೋಣಿಚೀಲ ಹೇರಿಕೊಂಡು.

"ಅಕ್ಕಾರ, ಇದು ಬಟ್ಟಿ ಚೀಲ ಐತ್ರಿ. ಯಾರೂ ಏನೂ ಅನ್ನಂಗಿಲ್ಲ."

ಮುಟ್ಟಿದರೆ ಬಟ್ಟೆಯ ಹಾಗೇ ಇತ್ತು. ಮೈತುಂಬ ಸಣ್ಣ ಸಣ್ಣ ಚುಕ್ಕಿ ಒತ್ತಿದ್ದರು. ಸಾರು ಕಟ್ಟೋಕೆ ಅಂತ ಎಲೆಯ ಚಿತ್ರ ಇರುವ ಹಸಿರು ಕವರನ್ನೂ ಕೊಟ್ಟ, 'ಬಯೋ' ಅಂತ ದೊಡ್ಡದಾಗಿ ಬರೆದಿತ್ತು. ಮಾರ್ಕೆಟ್ ರೇಟಿಗಿಂತ ಕಿಲೋಗೆ 40 ರೂಪಾಯಿ ಕಡಿಮೆ. ಬಿಲ್ ಕೇಳಿದೆ. "ಬಿಲ್ ಬೇಕಂದ್ರ ಜಿಎಸ್‌ಟಿ ಬೀಳ್ತದ್ರಿ" ಅಂದ. ನಾನೂ ಆಸೆಗೆ ಬಿದ್ದೆ.

ಮೊದಲು ಕೈಕೊಟ್ಟಿದ್ದು ಬಯೋ ಕವರು. ದಿನಾ ಎರಡು ಊಟ ಒಯ್ಯುತ್ತಿದ್ದ ನಿವೃತ್ತ ಮಾಸ್ತರೊಬ್ಬರು ಬೈಕಿಗೆ ಪಾರ್ಸಲ್ ನೇತುಹಾಕಿಕೊಂಡು ಹೊರಟಿದ್ದರು. ತಿರುವು ದಾಟುವುದರೊಳಗೆ ಕವರು ತಳ ಬಿಟ್ಟಿತು. ಬಿಸಿ ಸಾರು ಅವರ ಧೋತರದ ಮೇಲೆ. ಸುಟ್ಟಗಾಯ ಆಗಲಿಲ್ಲ, ಪುಣ್ಯ. ಬೈದಿದ್ದರೂ ಚೆನ್ನಾಗಿತ್ತು, ಅವರು ಸುಮ್ನೆ ಹೋದರು. ಮತ್ತೆ ಬರಲಿಲ್ಲ.

ಅದಾಗಿ ವಾರಕ್ಕೆ ತಪಾಸಣೆಗೆ ಬಂದರು. ನಾನು ಧೈರ್ಯವಾಗಿಯೇ "ನಮ್ಮದು ಬಟ್ಟೆ ಚೀಲ ಸರ್" ಅಂದೆ. ಒಬ್ಬರು ಮಾತಾಡದೆ ಚೀಲದ ಅಂಚು ಹರಿದು, ನಮ್ಮ ಒಲೆ ಪಕ್ಕದ ಕಡ್ಡಿಪೆಟ್ಟಿಗೆ ತೆಗೆದು ಗೀರಿದರು. ಬಟ್ಟೆಯಾದರೆ ಉರಿದು ಬೂದಿಯಾಗಬೇಕು, ಅಲ್ವಾ? ಇದು ಮುದುಡಿ, ಕರಗಿ, ತೊಟ್ಟಿಕ್ಕಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ಕೂತಿತು. ಅತ್ತೆಯ ಮುಖ ನೋಡಲಾಗಲಿಲ್ಲ ನನಗೆ.

ಅದು ನಾನ್-ವೋವನ್ ಅಂತೆ. ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಮಾಡುತ್ತಾರೆ, ನೇಯುವುದೇ ಇಲ್ಲ. ಆ ಚುಕ್ಕಿಗಳು ಬಂದಿದ್ದೇ ಹಾಗೆ. ಕೇಂದ್ರದ ನಿಯಮದಲ್ಲಿ 60 ಜಿಎಸ್‌ಎಂಗಿಂತ (ಅಂದರೆ ಚದರ ಮೀಟರಿಗೆ 60 ಗ್ರಾಂ ತೂಕಕ್ಕಿಂತ) ಕಡಿಮೆಯ ಇಂಥ ಚೀಲ 2021ರ ಸೆಪ್ಟೆಂಬರ್ 30ರಿಂದಲೇ ನಿಷೇಧ. ನಮ್ಮ ರಾಜ್ಯದಲ್ಲಂತೂ 2016ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ತಟ್ಟೆ, ಲೋಟ, ಚಮಚ ಎಷ್ಟೇ ದಪ್ಪ ಇದ್ದರೂ ನಡೆಯಲ್ಲ. ನಾವು 2022ರ ಜುಲೈಯಲ್ಲಿ ಬಂದ ಕೇಂದ್ರದ ಏಕಬಳಕೆ ಪ್ಲಾಸ್ಟಿಕ್ ನಿಷೇಧವೇ ಮೊದಲ ಕಾನೂನು ಅಂದುಕೊಂಡಿದ್ದೆವು.

ಬಯೋ ಅಂತ ಬರೆದ ಮಾತ್ರಕ್ಕೂ ಏನೂ ಆಗಲ್ಲ. ನಿಜವಾದ ಕಾಂಪೋಸ್ಟೆಬಲ್, ಅಂದರೆ ಕೊಳೆತು ಗೊಬ್ಬರವಾಗುವ ಕವರಿನ ಮೇಲೆ ತಯಾರಕರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ವಿವರ ಇರಬೇಕು. ನಮ್ಮದರ ಮೇಲೆ ಎಲೆ ಮಾತ್ರ ಇತ್ತು. ಇನ್ನೊಂದು ಮಾತು, ಅಸಲಿ ಕಾಂಪೋಸ್ಟೆಬಲ್ ಕೂಡ ಕುದಿಯುವ ಸಾರಿಗೆ ಅಲ್ಲ, ವರ್ಷಗಟ್ಟಲೆ ಇಡುವುದಕ್ಕೂ ಅಲ್ಲ. ನಮ್ಮೂರಿನ ಬಿಸಿಲಿಗೆ ಮಾಳಿಗೆ ಮೇಲೆ ಪೇರಿಸಿಟ್ಟರೆ ಮುಟ್ಟಿದಲ್ಲೇ ಹರಿಯುತ್ತೆ.

ಖರೀದಿಗೆ ಮುಂಚೆ ಒಂದು ಚೂರು ಹರಿದು ಸುಟ್ಟು ನೋಡಿ, ಅಂಗಡಿ ಹೊರಗೆ. ಬಿಲ್ ಇಲ್ಲದೆ ಕೊಳ್ಳಲೇಬೇಡಿ. "ಯಾರಿಂದ ತಂದ್ರಿ?" ಅಂತ ತಪಾಸಣೆಯವರು ಕೇಳಿದಾಗ ತೋರಿಸಲು ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ದಂಡ ಪೂರಾ ನನ್ನ ತಲೆಗೇ ಬಂತು.

ಈಗ ಸಾರು ಒಯ್ಯಲು ಗಿರಾಕಿಗಳೇ ಸ್ಟೀಲ್ ಡಬ್ಬಿ ತಂದರೆ ಒಂದು ರೊಟ್ಟಿ ಜಾಸ್ತಿ ಕೊಡುತ್ತೇವೆ. ಅತ್ತೆಯ ಐಡಿಯಾ. ತರದವರಿಗೆ ಅಲ್ಯುಮಿನಿಯಂ ಡಬ್ಬಿ, ಅದರ ದುಡ್ಡು ಬೇರೆ. ಕೆಲವರು ಗೊಣಗುತ್ತಾರೆ, ಗೊಣಗಲಿ.

ಆ ಹುಡುಗನ ಫೋನು ಸ್ವಿಚ್ ಆಫ್. ಮೊನ್ನೆ ಸ್ಟೇಷನ್ ರಸ್ತೆಯ ಚಹಾ ಅಂಗಡಿಯವರು ಹೇಳಿದರು, ಅವರ ಕಡೆಗೂ ಒಬ್ಬ ಬಂದಿದ್ದನಂತೆ, ಸ್ಕೂಟರ್ ಮೇಲೆ ಎರಡು ಗೋಣಿಚೀಲ ಹೇರಿಕೊಂಡು.