ಯಶಸ್ವಿನಿ ಬೇಕಾ, ಆರೋಗ್ಯ ಕರ್ನಾಟಕ ಸಾಕಾ?

ಯಶಸ್ವಿನಿ ಅಂದರೆ ಸಹಕಾರ ಸೊಸೈಟಿ ಸದಸ್ಯರು ಕಂತು ಕಟ್ಟಿ ಸೇರುವ ಆರೋಗ್ಯ ಯೋಜನೆ; ಆರೋಗ್ಯ ಕರ್ನಾಟಕ ರೇಷನ್ ಕಾರ್ಡ್ ಮೇಲೆ ಸಿಗುವ ಸರಕಾರಿ ಯೋಜನೆ. ಕಲಬುರಗಿ ಕಡೆ ಸೊಸೈಟಿಯಲ್ಲಿ ಸಾಲ ತೆಗೆದ ರೈತರಿಗೆ ಎರಡೂ ದಾರಿ ಇವೆ. ಬಿಪಿಎಲ್ ಕಾರ್ಡ್ ಇದ್ದರೆ ಲೆಕ್ಕ ಸುಲಭ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಕಂತು ಕಟ್ಟುವ ಮಾತೇ ಇಲ್ಲ. ಎಪಿಎಲ್ ಮನೆಗೆ ಪ್ಯಾಕೇಜ್ ದರದಲ್ಲಿ (ಚಿಕಿತ್ಸೆಗೆ ಸರಕಾರ ಗೊತ್ತು ಮಾಡಿದ ದರ) ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಒಳಗೆ. ಉಳಿದದ್ದು ಕೈಯಿಂದಲೇ.

ಹಾಗಾಗಿ ಯಶಸ್ವಿನಿ ನಿಜಕ್ಕೂ ಬೇಕಾಗುವುದು ಎಪಿಎಲ್ ರೈತರಿಗೆ. 2003ರಲ್ಲಿ ಕಂತು ತಲೆಗೆ ವರ್ಷಕ್ಕೆ 60 ರೂಪಾಯಿ ಇತ್ತು. 2022-23ರಲ್ಲಿ ಮತ್ತೆ ಶುರುವಾದಾಗ ಹಳ್ಳಿಯ ನಾಲ್ವರ ಮನೆಗೆ 500 ಆಯಿತು, ರಕ್ಷಣೆ 5 ಲಕ್ಷ.

ಖರ್ಚು ಯಾಕೆ ಏರುತ್ತದೆ? ಯಶಸ್ವಿನಿ ಇಷ್ಟ ಇದ್ದವರು ಸೇರುವ ಯೋಜನೆ. ಡಾಕ್ಟರು ಆಪರೇಷನ್ ಹೇಳಿದವರು ಮೊದಲು ಓಡಿ ಬರುತ್ತಾರೆ. ಗಟ್ಟಿಮುಟ್ಟಾಗಿರುವವರು "ಮುಂದಿನ ವರ್ಷ ನೋಡೋಣ" ಅಂತಾರೆ. ಕಂತು ಕಟ್ಟಿದವರಲ್ಲಿ ಕಾಯಿಲೆಯವರೇ ಜಾಸ್ತಿ ಆದರೆ ಕಂತು ಏರದೆ ಇನ್ನೇನು? ಆರೋಗ್ಯ ಕರ್ನಾಟಕದಲ್ಲಿ ಕಂತು ಕಟ್ಟಿ ಸೇರುವ ಮಾತೇ ಇಲ್ಲ, ಗಟ್ಟಿಮುಟ್ಟಾದವರೂ ಒಳಗೇ ಇರುತ್ತಾರೆ; ಅದಕ್ಕೆ ಈ ಕಾಟ ಕಡಿಮೆ. ಆದರೆ ಡಯಾಲಿಸಿಸ್‌ನಂಥದ್ದು ಎಲ್ಲರಿಗೂ ಭಾರವೇ. ಸ್ಟೆಂಟ್ ಹಾಕಿದರೆ ಒಂದು ಬಿಲ್. ಕಿಡ್ನಿ ಹೋದವರಿಗೆ ವಾರಕ್ಕೆ ಎರಡು-ಮೂರು ಸಲ, ವರ್ಷಗಟ್ಟಲೆ.

ಆ ಖರ್ಚು ಹಿಡಿಯಲೆಂದೇ ಆರೋಗ್ಯ ಕರ್ನಾಟಕದಲ್ಲಿ ರೆಫರಲ್ ಇದೆ. ತುರ್ತು ಅಲ್ಲದಿದ್ದರೆ ಖಾಸಗಿಗೆ ಹೋಗಲು ಸರಕಾರಿ ಆಸ್ಪತ್ರೆಯ ಚೀಟಿ ಬೇಕು. ಹೃದಯಕ್ಕಾದರೆ ಕಲಬುರಗಿಯಲ್ಲೇ ಸರಕಾರದ ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಅಷ್ಟು ಚಿಂತೆ ಬೇಡ.

ಎಪಿಎಲ್ ಆಗಿ ಸೊಸೈಟಿ ಸದಸ್ಯರಾಗಿದ್ದರೆ ನೋಂದಣಿ ಮುಗಿಯುವ ಮುಂಚೆ ಸುಮ್ನೆ ಯಶಸ್ವಿನಿ ಕಂತು ಕಟ್ಟಿಬಿಡಿ. ಸರಕಾರಿ ನೌಕರರಾಗಿದ್ದರೆ ಸಿಗುವುದಿಲ್ಲ.